ಸುಮ್ಮನೆ ಕಾಯುವ ಕರೆಂಟಿಗೆ ಎಷ್ಟು ದರ?

2020ರ ಏಪ್ರಿಲ್ 5, ಭಾನುವಾರ. ಲಾಕ್‌ಡೌನಿನ ದಿನಗಳು. ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ಮನೆಯ ದೀಪ ಆರಿಸಿ ಹಣತೆ ಹಚ್ಚಬೇಕೆಂದು ಪ್ರಧಾನಿ ಕೇಳಿಕೊಂಡಿದ್ದರು. ಜನ ಎಣ್ಣೆ, ಬತ್ತಿ ಹೊಂದಿಸಿಕೊಳ್ಳುತ್ತಿದ್ದ ಹಿಂದಿನ ಎರಡು ದಿನ, ಕರೆಂಟಿನ ಹರಿವನ್ನು ನಿಯಂತ್ರಿಸುವ ದೇಶದ ಲೋಡ್ ಡೆಸ್ಪ್ಯಾಚ್ ಸೆಂಟರ್‌ಗಳಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಇಷ್ಟು ಮನೆಗಳ ದೀಪ ಒಟ್ಟಿಗೆ ಆರಿದರೆ ಲೋಡ್ ಎಷ್ಟು ಇಳಿದೀತು? 12ರಿಂದ 14 ಸಾವಿರ ಮೆಗಾವಾಟ್ ಇರಬಹುದೆಂಬ ಅಂದಾಜಿಗೆ ಬಂದರು. ನಿಜವಾಗಿ ಇಳಿದದ್ದು 31,089 ಮೆಗಾವಾಟ್. ಅಂದಾಜಿನ ಎರಡು ಪಟ್ಟಿಗೂ ಹೆಚ್ಚು.

ಆದರೂ ಗ್ರಿಡ್ ಬೀಳಲಿಲ್ಲ. ಸಂಜೆಯಿಂದಲೇ ಜಲವಿದ್ಯುತ್ತನ್ನು ಇದಕ್ಕೆಂದು ಕಾದಿಟ್ಟಿದ್ದರು. ದೀಪಗಳು ಆರುತ್ತಾ ಹೋದ ಹಾಗೆ ದೇಶದ ಜಲವಿದ್ಯುತ್ ಸ್ಥಾವರಗಳು ಸುಮಾರು ಇಪ್ಪತ್ತೈದು ನಿಮಿಷದಲ್ಲಿ 17,543 ಮೆಗಾವಾಟ್ ಉತ್ಪಾದನೆ ತಗ್ಗಿಸಿದವು. ದೀಪ ಮತ್ತೆ ಹತ್ತಿದಾಗ ಅಷ್ಟೇ ಚುರುಕಾಗಿ ಏರಿಸಿದವು. ಗ್ರಿಡ್ಡಿನ ಫ್ರೀಕ್ವೆನ್ಸಿ ಆ ಹೊತ್ತು 49.70 ಮತ್ತು 50.26 ಹರ್ಟ್ಸ್ ನಡುವೆ ಓಡಾಡಿ ಮತ್ತೆ ಸಮಸ್ಥಿತಿಗೆ ಬಂತು. ಬಾಲ್ಕನಿಯಲ್ಲಿ ಹಣತೆ ಹಿಡಿದು ನಿಂತವರಿಗೆ ಇದಾವುದೂ ಗೊತ್ತಾಗಲಿಲ್ಲ. ಒಳ್ಳೆಯ ಮೀಸಲು ವ್ಯವಸ್ಥೆಯ ಗುಣವೇ ಅದು: ಕೆಲಸ ಮಾಡಿದಾಗ ಯಾರಿಗೂ ಕಾಣುವುದಿಲ್ಲ. ಕಾಣದಿರುವುದರಿಂದಲೇ ಅದಕ್ಕೆ ಹಣ ಕೊಡಿ ಎಂದರೆ ಎಲ್ಲರೂ ಹಿಂದೆ ಸರಿಯುತ್ತಾರೆ.

ತಂತಿಯಲ್ಲಿ ಕರೆಂಟನ್ನು ಕೂಡಿಡಲು ಬರುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಈ ಕ್ಷಣವೇ ಆಗಬೇಕು. ಬಳಕೆ ಮೇಲಾದರೆ ದೇಶದ ಅಷ್ಟೂ ಜನರೇಟರ್‌ಗಳು ಒಟ್ಟಿಗೆ ಒಂದಿಷ್ಟು ನಿಧಾನವಾಗುತ್ತವೆ, ಫ್ರೀಕ್ವೆನ್ಸಿ 50ರಿಂದ ಕೆಳಗಿಳಿಯುತ್ತದೆ. ಉತ್ಪಾದನೆ ಮೇಲಾದರೆ ಏರುತ್ತದೆ. ನಮ್ಮ ಗ್ರಿಡ್ ನಿಯಮ ಒಪ್ಪುವ ಹರವು 49.90ರಿಂದ 50.05. ಬೆಂಗಳೂರಿನ ಆನಂದರಾವ್ ಸರ್ಕಲ್ ಬಳಿಯ ದಕ್ಷಿಣ ಪ್ರಾದೇಶಿಕ ಲೋಡ್ ಡೆಸ್ಪ್ಯಾಚ್ ಸೆಂಟರ್‌ನಲ್ಲಿ ಪಾಳಿಯ ಎಂಜಿನಿಯರುಗಳು ಹಗಲು ರಾತ್ರಿ ಕಣ್ಣಿಟ್ಟು ಕಾಯುವುದು ಈ ಸಣ್ಣ ಹರವನ್ನೇ.

ಒಂದು ಸಂಜೆ ಏಳು ಗಂಟೆಗೆ ಕೂಡಂಕುಳಂನ ಸಾವಿರ ಮೆಗಾವಾಟ್‌ನ ಒಂದು ಘಟಕ ಟ್ರಿಪ್ ಆಯಿತು ಎಂದುಕೊಳ್ಳೋಣ. ಮೊದಲ ಒಂದೆರಡು ಸೆಕೆಂಡು ಯಾರೂ ಏನೂ ಮಾಡುವುದಿಲ್ಲ. ರಾಯಚೂರಿನಿಂದ ಸಿಂಗ್ರೌಲಿಯವರೆಗೆ ತಿರುಗುತ್ತಿರುವ ನೂರಾರು ಟನ್ ತೂಕದ ರೋಟರ್‌ಗಳು ತಮ್ಮ ವೇಗವನ್ನೇ ಒಂದಿಷ್ಟು ಬಿಟ್ಟುಕೊಟ್ಟು ಆ ಕೊರತೆಯನ್ನು ಹೊರುತ್ತವೆ. ಫ್ರೀಕ್ವೆನ್ಸಿ ಇಳಿದದ್ದನ್ನು ಕಂಡ ಟರ್ಬೈನುಗಳ ಗವರ್ನರ್‌ಗಳು ತಾವಾಗಿಯೇ ಹಬೆಯ ಇಲ್ಲವೇ ನೀರಿನ ಬಾಗಿಲನ್ನು ತುಸು ಹೆಚ್ಚು ತೆರೆಯುತ್ತವೆ. ಇದು ಮೊದಲ ಸಾಲಿನ ಮೀಸಲು; ಅರ್ಧ ನಿಮಿಷದೊಳಗೆ ಮುಗಿಯಬೇಕು, ಐದು ನಿಮಿಷ ನಿಲ್ಲಬೇಕು. ಅಷ್ಟರಲ್ಲಿ ದೆಹಲಿಯ ರಾಷ್ಟ್ರೀಯ ಲೋಡ್ ಡೆಸ್ಪ್ಯಾಚ್ ಕೇಂದ್ರದ ಕಂಪ್ಯೂಟರು ಆಯ್ದ ಸ್ಥಾವರಗಳಿಗೆ ನಾಲ್ಕು ಸೆಕೆಂಡಿಗೊಮ್ಮೆ ‘ಇಷ್ಟು ಏರಿಸು, ಇಷ್ಟು ಇಳಿಸು’ ಎಂದು ಸಂಕೇತ ಕಳಿಸುತ್ತದೆ. ಇದು ಎರಡನೇ ಸಾಲಿನ ಮೀಸಲು. ಹದಿನೈದು ನಿಮಿಷ ಕಳೆಯುವ ಹೊತ್ತಿಗೆ ಮೂರನೇ ಸಾಲು ಭಾರ ಹೊತ್ತುಕೊಂಡು ಮೊದಲೆರಡು ಸಾಲುಗಳನ್ನು ಬಿಡುಗಡೆ ಮಾಡಬೇಕು. ಏಕೆಂದರೆ ಮುಂದಿನ ಟ್ರಿಪ್ ಯಾವಾಗ ಬಂದೀತೆಂದು ಹೇಳಲಾಗದು.

ಈ ಮೂರೂ ಸಾಲು ನಡೆಯಬೇಕಾದರೆ ಎಲ್ಲೋ ಒಂದು ಕಡೆ ಒಂದು ಯಂತ್ರ ತನ್ನ ಪೂರ್ತಿ ಶಕ್ತಿ ಬಳಸದೆ ಒಂದಿಷ್ಟು ಉಳಿಸಿಕೊಂಡು ಓಡುತ್ತಿರಬೇಕು. ಆ ಉಳಿಕೆಯನ್ನು ಯಾರು ಇಡಬೇಕು, ಅದರ ಖರ್ಚು ಯಾರದು ಎಂಬುದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮ ವಿದ್ಯುತ್ ವಲಯದ ಎಡೆಬಿಡದ ಜಗಳ.

ತೊಂಬತ್ತರ ದಶಕದ ಕೊನೆಯಲ್ಲಿ ದಕ್ಷಿಣದ ಗ್ರಿಡ್ 48 ಹರ್ಟ್ಸ್ ಆಸುಪಾಸಿಗೆ ಇಳಿದು ಗಂಟೆಗಟ್ಟಲೆ ಅಲ್ಲೇ ತೆವಳುವುದು ಮಾಮೂಲಾಗಿತ್ತು. ಮೀಸಲು ಎಂಬ ಮಾತೇ ಇರಲಿಲ್ಲ. ಎಲ್ಲ ರಾಜ್ಯಗಳೂ ಕೈಗೆ ಸಿಕ್ಕಷ್ಟು ಎಳೆಯುತ್ತಿದ್ದವು, ಎಲ್ಲ ಯಂತ್ರಗಳೂ ಏದುಸಿರು ಬಿಡುತ್ತಿದ್ದವು. ಇದಕ್ಕೆ ಮೊದಲ ಮದ್ದು ಬಂದದ್ದು 2002–03ರಲ್ಲಿ. ಭಾನು ಭೂಷಣ್ ಎಂಬ ಎಂಜಿನಿಯರ್ ರೂಪಿಸಿದ ಎಬಿಟಿ (ಲಭ್ಯತೆ ಆಧಾರಿತ) ದರಪದ್ಧತಿಯದು. ದಕ್ಷಿಣದ ರಾಜ್ಯಗಳಿಗೆ ಅದು 2003ರ ಜನವರಿ 1ರಿಂದ ಅನ್ವಯವಾಯಿತು. ಒಪ್ಪಿದ್ದಕ್ಕಿಂತ ಹೆಚ್ಚು ಎಳೆದುಕೊಂಡ ಯೂನಿಟ್ಟಿನ ದರವನ್ನು ಫ್ರೀಕ್ವೆನ್ಸಿಯೇ ತೀರ್ಮಾನಿಸುತ್ತಿತ್ತು. 50.5 ಹರ್ಟ್ಸ್ ಇದ್ದಾಗ ದರ ಸೊನ್ನೆ. ಇಳಿಯುತ್ತಾ ಹೋದಂತೆ ದರ ಏರುತ್ತಾ 49.02ಕ್ಕೆ ಬಂದಾಗ ಯೂನಿಟ್ಟಿಗೆ 4 ರೂಪಾಯಿ 20 ಪೈಸೆ. ಗೋಡೆಯ ಮೇಲಿನ ಫ್ರೀಕ್ವೆನ್ಸಿ ಮೀಟರೇ ಮಾರುಕಟ್ಟೆಯ ದರಪಟ್ಟಿಯಾಯಿತು. ಇಷ್ಟು ಸರಳವಾದ, ಇಷ್ಟು ಜಾಣ ವ್ಯವಸ್ಥೆ ನಮ್ಮ ಆಡಳಿತದಲ್ಲಿ ಹುಟ್ಟಿದ್ದೇ ಅಪರೂಪ ಎಂದು ನಾನು ಇಂದಿಗೂ ನಂಬುತ್ತೇನೆ. ಕೆಲವೇ ತಿಂಗಳಲ್ಲಿ ಫ್ರೀಕ್ವೆನ್ಸಿ ಮೇಲೆದ್ದಿತು.

ಆದರೆ ಅದಕ್ಕೊಂದು ಮಿತಿಯಿತ್ತು. ದಂಡ ಕಟ್ಟಲು ಸಿದ್ಧವಿರುವ ರಾಜ್ಯ ಎಳೆಯುತ್ತಲೇ ಇರಬಹುದಿತ್ತು. ಗ್ರಿಡ್ಡೇ ಎಲ್ಲರ ಮೀಸಲು ಎಂಬಂತಾಯಿತು. ಎಲ್ಲರೂ ಒರಗಿಕೊಂಡ ಗೋಡೆ ಅದು, ಕಟ್ಟಿದವರು ಯಾರೂ ಇರಲಿಲ್ಲ. 2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ 1 ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಕುಸಿದವು. ಅರವತ್ತು ಕೋಟಿಗೂ ಹೆಚ್ಚು ಜನ ವಾಸಿಸುವ ನೆಲ ಕತ್ತಲಾಯಿತು. ಎರಡೂ ದಿನ ಮೊದಲು ಬಿಟ್ಟುಕೊಟ್ಟದ್ದು ಬೀನಾ–ಗ್ವಾಲಿಯರ್ ನಡುವಿನ 400 ಕೆ.ವಿ. ಮಾರ್ಗ. ಅದರ ಮೇಲೆ ಹೊರಲಾರದಷ್ಟು ಭಾರ ಬಿದ್ದಿತ್ತು, ಕೆಲವು ರಾಜ್ಯಗಳು ತಮ್ಮ ಪಾಲು ಮೀರಿ ಎಳೆಯುತ್ತಿದ್ದವು. ದಕ್ಷಿಣ ಉಳಿಯಿತು, ಏಕೆಂದರೆ ನಮ್ಮ ಗ್ರಿಡ್ ಆಗ ಉಳಿದ ಭಾರತದೊಂದಿಗೆ ಡಿ.ಸಿ. ಕೊಂಡಿಗಳ ಮೂಲಕ ಮಾತ್ರ ಕೂಡಿತ್ತು.

ಆ ಪ್ರತ್ಯೇಕತೆ ಮುಗಿದದ್ದು ನಮ್ಮ ನೆಲದಿಂದಲೇ. 2013ರ ಡಿಸೆಂಬರ್ 31ರ ರಾತ್ರಿ ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗಕ್ಕೆ ಚಾಲನೆ ಸಿಕ್ಕಿ ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಅಂದಿನಿಂದ ಪಂಜಾಬಿನ ಒಂದು ಸ್ಥಾವರ ನಿಂತರೆ ಶರಾವತಿಯ ಗವರ್ನರ್‌ಗೂ ತಿಳಿಯುತ್ತದೆ. ಬಲವೂ ಹಂಚಿಕೆಯಾಯಿತು, ಅಪಾಯವೂ ಹಂಚಿಕೆಯಾಯಿತು.

ಮೀಸಲಿಗೆಂದು ಹಣ ಕೊಡುವ ಪದ್ಧತಿ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಕೇಂದ್ರದ ಸ್ಥಾವರಗಳಲ್ಲಿ ಯಾವ ರಾಜ್ಯವೂ ಕೇಳದೆ ಮಿಕ್ಕ ಸಾಮರ್ಥ್ಯವಿದ್ದರೆ, ಅಗತ್ಯ ಬಿದ್ದಾಗ ಅದನ್ನು ಓಡಿಸಿ ಖರ್ಚಿನ ಮೇಲೆ ಯೂನಿಟ್ಟಿಗೆ 50 ಪೈಸೆ ಸೇರಿಸಿ ಕೊಡುವುದು ಆ ಪದ್ಧತಿ. ಒಳ್ಳೆಯ ಆರಂಭವೇ. ಆದರೆ ಮಿಕ್ಕದ್ದನ್ನು ಬಳಸುವುದಕ್ಕೂ ಮೀಸಲಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಬೇಸಿಗೆಯ ಸಂಜೆ ಎಲ್ಲ ರಾಜ್ಯಗಳೂ ತಮ್ಮ ಪಾಲನ್ನು ಪೂರ್ತಿ ಬಳಸುವಾಗ ಮಿಕ್ಕುವುದು ಏನೂ ಇಲ್ಲ. ಗ್ರಿಡ್ಡಿಗೆ ಮೀಸಲು ಬೇಕಾಗುವುದೂ ಅದೇ ಸಂಜೆ.

2022ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹೊಸ ನಿಯಮ ತಂದಿತು. ಮೊದಲ ಸಾಲಿನದು, ಅಂದರೆ ಗವರ್ನರ್‌ಗಳ ಕೆಲಸ, ಕಡ್ಡಾಯ. ಅದಕ್ಕೆ ಹಣವಿಲ್ಲ. ಎರಡನೇ ಸಾಲಿನವರಿಗೆ ಆ ನಾಲ್ಕು ಸೆಕೆಂಡಿನ ಸಂಕೇತವನ್ನು ಎಷ್ಟು ಚೆನ್ನಾಗಿ ಪಾಲಿಸಿದರೆಂದು ಅಳೆದು, ಯೂನಿಟ್ಟಿಗೆ ಗರಿಷ್ಠ 50 ಪೈಸೆವರೆಗೆ ಪ್ರೋತ್ಸಾಹಧನ. ಹೇಳಿದ ಮಾತು ಕೇಳಿದವರಿಗೆ ಹೆಚ್ಚು, ಕೇಳದವರಿಗೆ ಕಡಿಮೆ ಎಂಬ ಈ ತತ್ವ ಸರಿಯಾಗಿದೆ. ಮೂರನೇ ಸಾಲನ್ನು ಮಾತ್ರ ವಿದ್ಯುತ್ ಮಾರುಕಟ್ಟೆಗಳಾದ ಪವರ್ ಎಕ್ಸ್‌ಚೇಂಜುಗಳಲ್ಲಿ ಹರಾಜಿನ ಮೂಲಕ ಕೊಳ್ಳಬೇಕೆಂದಾಯಿತು. ನನ್ನ ತಕರಾರು ಇರುವುದು ಇಲ್ಲಿ.

ಹರಾಜಿನಲ್ಲಿ ಆಯ್ಕೆಯಾದ ಸ್ಥಾವರ ಸಿದ್ಧವಾಗಿ ಕಾಯಬೇಕು. ಕರೆ ಬಂದರೆ ಓಡಿದ್ದಕ್ಕೆ ಮಾರುಕಟ್ಟೆ ದರ. ಬರದಿದ್ದರೆ ಕಾದದ್ದಕ್ಕೆ ಆ ದರದ ಶೇ 10, ಅದೂ ಯೂನಿಟ್ಟಿಗೆ 20 ಪೈಸೆ ಮೀರದಂತೆ. ಲೆಕ್ಕ ಹಾಕಿ ನೋಡಿ. 100 ಮೆಗಾವಾಟ್ ಒಂದು ಗಂಟೆ ಕಾದರೆ ಅದು 1 ಲಕ್ಷ ಯೂನಿಟ್. 20 ಪೈಸೆಯಂತೆ 20 ಸಾವಿರ ರೂಪಾಯಿ. ಅದೇ ಸಂಜೆ ಎಕ್ಸ್‌ಚೇಂಜಿನಲ್ಲಿ ದರ ತನ್ನ ಮಿತಿಯಾದ 10 ರೂಪಾಯಿ ಮುಟ್ಟಿದ್ದರೆ, ಆ 1 ಲಕ್ಷ ಯೂನಿಟ್ ಮಾರಿ 10 ಲಕ್ಷ ರೂಪಾಯಿ ಗಳಿಸಬಹುದು. ಕಲ್ಲಿದ್ದಲಿಗೆ ಯೂನಿಟ್ಟಿಗೆ 4 ರೂಪಾಯಿ ಹೋಯಿತೆಂದರೂ ಕೈಯಲ್ಲಿ 6 ಲಕ್ಷ ಉಳಿಯುತ್ತದೆ. 6 ಲಕ್ಷ ಬಿಟ್ಟು 20 ಸಾವಿರಕ್ಕೆ ಕಾಯುವವರು ಯಾರು? ಹರಾಜಿಗೆ ಬರುವುದು ಬೇರೆಡೆ ಬಿಕರಿಯಾಗದೆ ಉಳಿದದ್ದು ಮಾತ್ರ. ಹರಾಜಿನಲ್ಲಿ ಸಿಕ್ಕದ್ದು ಸಾಲದಿದ್ದರೆ ಕೇಂದ್ರದ ಸ್ಥಾವರಗಳಲ್ಲಿ ಮಿಕ್ಕದ್ದನ್ನು ಬಳಸಿಕೊಳ್ಳಲು ನಿಯಮದಲ್ಲೇ ದಾರಿಯಿದೆ. ಅಲ್ಲಿಗೆ ಮತ್ತೆ 2016ಕ್ಕೇ ಬಂದು ನಿಂತೆವು.

ತೇರು ಎಳೆಯುವಾಗ ಚಕ್ರದ ಪಕ್ಕದಲ್ಲಿ ಸನ್ನೆ ಹಿಡಿದು ನಡೆಯುವವರನ್ನು ನೋಡಿದ್ದೇವೆ. ತೇರು ನೆಟ್ಟಗೆ ಸಾಗುವಷ್ಟು ಹೊತ್ತು ಅವರಿಗೆ ಕೆಲಸವಿಲ್ಲ. ಆದರೆ ಅವರು ಜಾಗದಲ್ಲಿ ನಿಲ್ಲದೆ ಹಗ್ಗಕ್ಕೆ ಯಾರೂ ಕೈ ಹಾಕುವುದಿಲ್ಲ. ಯಾವ ಊರಲ್ಲೂ ಅವರ ಜಾಗವನ್ನು ಹಗ್ಗ ಎಳೆದು ಮಿಕ್ಕವರಿಗೆ ಬಿಟ್ಟಿಲ್ಲ, ಮೊದಲೇ ಗೊತ್ತುಮಾಡಿರುತ್ತಾರೆ.

ಮೀಸಲನ್ನೂ ಹಾಗೆ ಮೊದಲೇ ಗೊತ್ತುಮಾಡುವ ದಾರಿ ಇದೆ. ವಿದ್ಯುತ್ತನ್ನೂ ಮೀಸಲನ್ನೂ ಬೇರೆ ಬೇರೆಯಾಗಿ ಹರಾಜು ಹಾಕದೆ ಒಂದೇ ಲೆಕ್ಕದಲ್ಲಿ ಕೊಳ್ಳುವುದು. ಯಾವ ಯಂತ್ರ ಓಡಬೇಕು, ಯಾವುದು ಕಾಯಬೇಕು ಎಂಬುದನ್ನು ಗಣಕವೇ ಒಟ್ಟಾರೆ ಖರ್ಚು ಕಡಿಮೆಯಾಗುವಂತೆ ಆರಿಸುತ್ತದೆ. ಕಾಯುವವರಿಗೆ, ಓಡಿದ್ದರೆ ಸಿಗಬಹುದಾಗಿದ್ದ ಲಾಭ ತಪ್ಪದಂತೆ ದರ ಕಟ್ಟುತ್ತದೆ. ಅಮೆರಿಕದ ಹಲವು ಮಾರುಕಟ್ಟೆಗಳಲ್ಲಿ ಇದು ವರ್ಷಗಳಿಂದ ನಡೆದಿದೆ. ನಮ್ಮಲ್ಲಿ ತೊಡಕೆಂದರೆ ವಿದ್ಯುತ್ತಿನ ಬಹುಪಾಲು ಎಕ್ಸ್‌ಚೇಂಜಿಗೆ ಬರುವುದೇ ಇಲ್ಲ. ಅದು ಸ್ಥಾವರಗಳಿಗೂ ರಾಜ್ಯಗಳ ವಿತರಣಾ ಕಂಪನಿಗಳಿಗೂ ನಡುವಿನ ದೀರ್ಘ ಒಪ್ಪಂದಗಳಲ್ಲಿ ಕಟ್ಟಿಬಿದ್ದಿದೆ. ಒಪ್ಪಂದದೊಳಗಿನ ಸಾಮರ್ಥ್ಯವನ್ನು ಮುಟ್ಟದೆ ಎಕ್ಸ್‌ಚೇಂಜಿನ ಅಂಚಿನಲ್ಲಿ ಎಷ್ಟೇ ನಾಜೂಕಿನ ಹರಾಜು ನಡೆಸಿದರೂ ಮೀಸಲು ಹುಟ್ಟುವುದಿಲ್ಲ.

ದರ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. ಟೆಕ್ಸಾಸ್‌ನಲ್ಲಿ 2014ರಿಂದ ಮೀಸಲು ಕರಗಿದಂತೆ ದರ ತಾನಾಗಿ ಜಿಗಿಯುವ ವ್ಯವಸ್ಥೆ ಇತ್ತು. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ದರ ಮೆಗಾವಾಟ್ ಗಂಟೆಗೆ 9,000 ಡಾಲರ್ ಮುಟ್ಟಿ ದಿನಗಟ್ಟಲೆ ಅಲ್ಲೇ ನಿಂತಿತು. ಆದರೂ ಅನಿಲದ ಬಾವಿಗಳು, ಕೊಳವೆಗಳು, ಸ್ಥಾವರಗಳ ಉಪಕರಣಗಳು ಹೆಪ್ಪುಗಟ್ಟಿದ್ದರಿಂದ ಕರೆಂಟು ಬರಲಿಲ್ಲ. ಇಡೀ ಗ್ರಿಡ್ ಕುಸಿಯಲು ಐದು ನಿಮಿಷಕ್ಕೂ ಕಡಿಮೆ ಉಳಿದಿತ್ತು. ನೂರಾರು ಜನ ಚಳಿಗೆ ಸತ್ತರು. ಬ್ರಿಟನ್ನಿನದು ಇನ್ನೊಂದು ಪಾಠ. 2019ರ ಆಗಸ್ಟ್ 9ರ ಸಂಜೆ ಒಂದು ಸಿಡಿಲಿನ ಬೆನ್ನಿಗೆ ಹಾರ್ನ್‌ಸೀ ಸಮುದ್ರ ಗಾಳಿಯಂತ್ರಗಳೂ ಲಿಟಲ್ ಬಾರ್‌ಫರ್ಡ್ ಅನಿಲ ಸ್ಥಾವರವೂ ಒಂದರ ಹಿಂದೆ ಒಂದು ಕೈಕೊಟ್ಟವು. ಇಟ್ಟಿದ್ದ ಮೀಸಲು ಸುಮಾರು ಸಾವಿರ ಮೆಗಾವಾಟ್, ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು. ಫ್ರೀಕ್ವೆನ್ಸಿ 48.8ಕ್ಕೆ ಇಳಿದು 11 ಲಕ್ಷ ಗ್ರಾಹಕರ ಕರೆಂಟು ಹೋಯಿತು. ಮರುವರ್ಷವೇ ಅವರು ಒಂದು ಸೆಕೆಂಡಿನೊಳಗೆ ಸ್ಪಂದಿಸುವ ಬ್ಯಾಟರಿಗಳಿಗೆಂದು ಹೊಸ ಮೀಸಲು ಸೇವೆ ಆರಂಭಿಸಿದರು. ಒಂದು ಪೆಟ್ಟಿನಿಂದ ಒಂದು ಹೊಸ ಸೇವೆ, ಹದಿನಾಲ್ಕು ತಿಂಗಳಲ್ಲಿ! ನಮ್ಮ ವೇಗದೊಂದಿಗೆ ಹೋಲಿಸಿದರೆ ಹೊಟ್ಟೆಕಿಚ್ಚಾಗುತ್ತದೆ.

ಕರ್ನಾಟಕಕ್ಕೆ ಈ ವಿಷಯ ಈಗ ತುರ್ತಾಗಿರುವುದು ಬಿಸಿಲಿನಿಂದ. ಪಾವಗಡದ ತಿರುಮಣಿ ಸುತ್ತಲಿನ ಸೋಲಾರ್ ಪಾರ್ಕ್ ಒಂದರದೇ ಸಾಮರ್ಥ್ಯ 2,050 ಮೆಗಾವಾಟ್. ಮಧ್ಯಾಹ್ನ ಮೋಡ ಸರಿದಂತೆ ಅದರ ಉತ್ಪಾದನೆ ಹತ್ತಿಳಿಯುತ್ತದೆ. ಸಂಜೆ ಐದರಿಂದ ಏಳರ ನಡುವೆ ರಾಜ್ಯದ ಅಷ್ಟೂ ಸೋಲಾರ್ ಸೊನ್ನೆಗೆ ಬರುತ್ತದೆ, ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ ಹತ್ತುತ್ತದೆ. ಆ ಎರಡು ಗಂಟೆಯ ಏರನ್ನು ಹತ್ತಲು ನಮ್ಮಲ್ಲಿರುವ ಚುರುಕಾದ ಯಂತ್ರಗಳು ಶರಾವತಿ, ವಾರಾಹಿ, ನಾಗಝರಿಯವು. ತಣ್ಣಗಾದ ಕಲ್ಲಿದ್ದಲು ಬಾಯ್ಲರನ್ನು ಎಬ್ಬಿಸಲು ಹಲವು ಗಂಟೆ ಬೇಕು. ಶರಾವತಿಯ 103.5 ಮೆಗಾವಾಟ್‌ನ ಒಂದು ಘಟಕ ಕೆಲವೇ ನಿಮಿಷದಲ್ಲಿ ನಿಂತಲ್ಲಿಂದ ಪೂರ್ತಿ ಭಾರಕ್ಕೆ ಬರುತ್ತದೆ. ಅಂಥ ಹತ್ತು ಘಟಕಗಳು ಅಲ್ಲಿವೆ, ಅರವತ್ತರ ದಶಕದಿಂದ ಒಂದೊಂದಾಗಿ ಬಂದವು. ಲಿಂಗನಮಕ್ಕಿಯ ನೀರಿನ ಮಟ್ಟವನ್ನು 1,819 ಅಡಿಯ ಲೆಕ್ಕದಲ್ಲಿ ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಓದುತ್ತೇವೆ. ಆ ಅಡಿಗಳನ್ನು ಯೂನಿಟ್ಟಿನ ಲೆಕ್ಕದಲ್ಲಷ್ಟೇ ಎಣಿಸುತ್ತೇವೆ. ನಿಮಿಷಗಳಲ್ಲಿ ಎದ್ದು ನಿಲ್ಲುವ ಆ ಗುಣಕ್ಕೆ ನಮ್ಮ ರಾಜ್ಯದೊಳಗೆ ಪ್ರತ್ಯೇಕ ದರ ಬೇಕು. ಇಲ್ಲದಿದ್ದರೆ ಕಲ್ಲಿದ್ದಲು ಮಾಡಬಹುದಾದ ಕೆಲಸಕ್ಕೂ ಆ ನೀರು ಹರಿದುಹೋಗುತ್ತದೆ.

ಶರಾವತಿ ಕಣಿವೆಯ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಗಲಿನ ಸೋಲಾರ್ ಕರೆಂಟಿನಲ್ಲಿ ಗೇರುಸೊಪ್ಪೆಯಿಂದ ತಲಕಳಲೆಗೆ ನೀರೆತ್ತಿ ಸಂಜೆ ಬಿಡುವ ಯೋಜನೆಯದು. ಎಂಜಿನಿಯರಿಂಗ್ ದೃಷ್ಟಿಯಿಂದ ಆಕರ್ಷಕವೇ. ಆದರೆ ಅದು ಹಾದುಹೋಗುವುದು ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ. ಇರುವ ಜಲವಿದ್ಯುತ್ ಘಟಕಗಳ ಚುರುಕುತನವನ್ನು, ಬ್ಯಾಟರಿಗಳನ್ನು, ಬಳಕೆದಾರರ ಕಡೆಯ ಹೊಂದಾಣಿಕೆಯನ್ನು ದರ ಕೊಟ್ಟು ಕೊಂಡು ನೋಡದೆ, ಮೀಸಲು ಸಾಲದೆಂದು ಕಾಡಿಗೆ ಕೈ ಹಾಕುವುದನ್ನು ನಾನು ಒಪ್ಪಲಾರೆ.

ಬಳಕೆದಾರರ ಕಡೆ ಎಂದೆ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ. ಗ್ರಿಡ್ಡಿನಲ್ಲಿ ಮೀಸಲು ಇಲ್ಲದ ದಿನ ಎಂಬುದು ಇಲ್ಲವೇ ಇಲ್ಲ. ದುಡ್ಡು ಕೊಟ್ಟು ಮೀಸಲು ಇಡದಿದ್ದರೆ ಯಾರದೋ ಕರೆಂಟು ತೆಗೆದು ಸರಿದೂಗಿಸುತ್ತಾರೆ, ಅಷ್ಟೆ. ಸಬ್‌ಸ್ಟೇಷನ್ನುಗಳಲ್ಲಿ ಅಂಡರ್ ಫ್ರೀಕ್ವೆನ್ಸಿ ರಿಲೇಗಳಿವೆ. ಫ್ರೀಕ್ವೆನ್ಸಿ 49.4ಕ್ಕೆ ಇಳಿದರೆ ಮೊದಲ ಕಂತಿನ ಫೀಡರ್‌ಗಳು ತಾವಾಗಿ ಕಡಿದುಹೋಗುತ್ತವೆ, ಇನ್ನೂ ಇಳಿದರೆ ಮುಂದಿನ ಕಂತಿನವು. ಅದು ಕೊನೆಯ ರಕ್ಷಣೆ, ಇರಲೇಬೇಕು. ಆದರೆ ಅದಕ್ಕೂ ಮೊದಲೇ, ಸಂಜೆಯ ಕೊರತೆ ಕಂಡೊಡನೆ, ಲೋಡ್ ಶೆಡ್ಡಿಂಗ್ ಎಂಬ ಹೆಸರಿನಲ್ಲಿ ಯಾವ ಫೀಡರ್‌ಗಳು ಆಫ್ ಆಗುತ್ತವೆ ಎಂದು ಹಳ್ಳಿಯ ಯಾರನ್ನು ಕೇಳಿದರೂ ಹೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ಪಂಪ್‌ಸೆಟ್ ಬಳಕೆ ಏರಿದಾಗ, ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಇಲ್ಲಿನ ಉತ್ಪಾದಕರೆಲ್ಲ ರಾಜ್ಯದ ಗ್ರಿಡ್ಡಿಗೇ ಕರೆಂಟು ಕೊಡಬೇಕೆಂದು ಆದೇಶಿಸಿತು. ಆಗಲೂ ಪಂಪ್‌ಸೆಟ್ಟುಗಳಿಗೆ ಕೊಡುವ ತ್ರೀ ಫೇಸ್ ಕರೆಂಟಿನ ಗಂಟೆಗಳಿಗೆ ಕತ್ತರಿ ಬಿದ್ದು ರೈತರು ಬೀದಿಗಿಳಿದರು.

ತ್ರೀ ಫೇಸ್ ಯಾವಾಗ ಬರುತ್ತದೆಂದು ಗೊತ್ತಿಲ್ಲದ ರೈತ ತನ್ನ ಸ್ಟಾರ್ಟರ್ ಪೆಟ್ಟಿಗೆಗೆ ಆಟೋ ಸ್ವಿಚ್ ಹಾಕಿಸಿಕೊಳ್ಳುತ್ತಾನೆ. ನಡುರಾತ್ರಿ ಕರೆಂಟು ಬಂದರೂ ಮೋಟಾರು ತಾನೇ ಶುರುವಾಗಲಿ ಎಂದು. ಅವನ ಕಷ್ಟಕ್ಕೆ ಅದು ಸರಿಯಾದ ಉಪಾಯ. ಆದರೆ ಒಂದು ಫೀಡರ್ ಚಾರ್ಜ್ ಆದೊಡನೆ ನೂರಾರು ಮೋಟಾರುಗಳು ಒಂದೇ ಉಸಿರಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರ್ ಏದುಸಿರು ಬಿಡುತ್ತದೆ, ಕೊರತೆಯಿಂದ ಆಗಷ್ಟೇ ಚೇತರಿಸಿಕೊಂಡ ಗ್ರಿಡ್ಡಿಗೆ ಮತ್ತೆ ಧಕ್ಕೆ. ಭರವಸೆ ಇಲ್ಲದ ಕಡೆ ಪ್ರತಿಯೊಬ್ಬರೂ ತಮ್ಮ ರಕ್ಷಣೆ ತಾವು ಮಾಡಿಕೊಳ್ಳುತ್ತಾರೆ, ಅವೆಲ್ಲ ಕೂಡಿ ಗ್ರಿಡ್ಡಿನ ಮೇಲೆಯೇ ಬೀಳುತ್ತವೆ.

ಈ ಪಂಪ್‌ಸೆಟ್ಟುಗಳನ್ನೇ ನ್ಯಾಯವಾಗಿ ಮೀಸಲಿನ ಸಾಲಿಗೆ ತರಬಹುದು. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್‌ಗಳಿವೆ. ನಿರಂತರ ಜ್ಯೋತಿ ಯೋಜನೆಯಡಿ ಅನೇಕ ಕಡೆ ಊರಿನ ಫೀಡರ್ ಬೇರೆ, ಹೊಲದ ಫೀಡರ್ ಬೇರೆ ಆಗಿದೆ. ಬೆಳೆಗೆ ನೀರು ಹನ್ನೊಂದಕ್ಕೆ ಸಿಕ್ಕರೂ ನಡೆದೀತು, ಹನ್ನೆರಡಕ್ಕೆ ಸಿಕ್ಕರೂ ನಡೆದೀತು. ಸಿಗುತ್ತದೆಂಬ ಖಾತರಿ ಮಾತ್ರ ಬೇಕು. ಕೇಂದ್ರದ 2022ರ ನಿಯಮ ಬಳಕೆ ತಗ್ಗಿಸುವವರನ್ನೂ ಬ್ಯಾಟರಿಗಳನ್ನೂ ಮೀಸಲು ಸೇವೆಗೆ ಅರ್ಹರೆಂದು ಒಪ್ಪಿದೆ. 2023ರ ಗ್ರಿಡ್ ಸಂಹಿತೆ ರಾಜ್ಯಗಳೂ ತಮ್ಮ ಪಾಲಿನ ಮೀಸಲು ಇಡಬೇಕೆಂದಿದೆ. ಹಾಗಿರುವಾಗ ಒಂದು ಫೀಡರಿನ ರೈತರ ಸಂಘವೋ ಗ್ರಾಮ ಪಂಚಾಯಿತಿಯೋ ‘ತಿಂಗಳಲ್ಲಿ ಇಷ್ಟು ಗಂಟೆ, ಒಮ್ಮೆಗೆ ಅರ್ಧ ಗಂಟೆ ಮೀರದಂತೆ ನಿಲ್ಲಿಸಬಹುದು, ನಿಲ್ಲಿಸಿದ ಹೊತ್ತನ್ನು ಅದೇ ದಿನ ತುಂಬಿಕೊಡಬೇಕು’ ಎಂದು ಕರಾರು ಬರೆದುಕೊಡಬಾರದೇಕೆ? ಫೀಡರಿನ ಮೀಟರು, ರಿಮೋಟ್ ಸ್ವಿಚ್ಚು, ಮೋಟಾರುಗಳು ಸರದಿಯಲ್ಲಿ ಶುರುವಾಗುವಂತೆ ಸ್ಟಾರ್ಟರಿಗೊಂದು ಟೈಮರು ಇದ್ದರೆ ಸಾಕು, ಇದರಲ್ಲಿ ರಾಕೆಟ್ ವಿಜ್ಞಾನ ಏನಿಲ್ಲ. ಕಾದು ನಿಂತ ಪ್ರತಿ ತಿಂಗಳಿಗೂ, ಕರೆದರೂ ಕರೆಯದಿದ್ದರೂ, ಫೀಡರಿಗೆ ಹಣ ಸಂದಾಯವಾಗಬೇಕು.

ಇಂಥ ಕರಾರು ನಮಗೆ ಹೊಸದಲ್ಲ. ಪಾವಗಡದ ರೈತರಿಂದ ಸೋಲಾರ್ ಪಾರ್ಕಿಗೆ ನೆಲ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಹಾಗೆ, ಭೋಗ್ಯಕ್ಕೆ ಪಡೆದರು. ಉಳುಮೆ ಬಿಟ್ಟ ನೆಲಕ್ಕೆ ವರ್ಷವರ್ಷ ದರ ಕೊಡುವ ಕರಾರನ್ನು ಈ ರಾಜ್ಯ ಬರೆದು ತೋರಿಸಿದೆ. ನಿಲ್ಲಿಸಲು ಒಪ್ಪಿದ ಮೋಟಾರಿಗೂ ಅಂಥದೇ ಕರಾರು ಬರೆಯುವ ಅಧಿಕಾರ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಕೈಯಲ್ಲಿದೆ. ಮುಂದಿನ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಹೋಗುವ ರೈತ ಸಂಘಟನೆಗಳು ಯೂನಿಟ್ಟಿನ ದರ, ತ್ರೀ ಫೇಸ್ ಗಂಟೆಗಳ ಜೊತೆಗೆ ಈ ಬೇಡಿಕೆಯನ್ನೂ ಬರೆದುಕೊಂಡು ಹೋಗಬೇಕು.